ತಗಡಿನ ಅಳಿಯ

"ಕಾವಲದಾಗ ಆ ತಗಡಿನ ಹಕ್ಕಿ ನಿಲ್ಲಿಸ್ಯಾರಲ್ಲ, ಬೇಕಾದ್ರ ನಮ್ಮ ಹುಡುಗೀನ ಅದಕ್ಕ ಕೊಟ್ಟೇನು. ಈ ಒಂಬತ್ತನೇ ಕ್ಲಾಸ್ ಫೇಲಿಗೆ ಕೊಡಂಗಿಲ್ಲ. ತಗಡಿಗೆ ಸರಕಾರದ ನಂಬರಾದ್ರೂ ಐತಿ. ಇವಂಗೇನೈತಿ?"

ಅಂದಾನೆಪ್ಪ ಇದನ್ನು ಕಿವಿಯಲ್ಲಿ ಹೇಳಲಿಲ್ಲ. ಪಡಸಾಲೆಯಲ್ಲಿ ಎರಡೂ ಕಡೆಯ ಹಿರಿಯರು ಕುಳಿತಿದ್ದರು. ಬಾಗಿಲಲ್ಲಿ ಓಣಿಯ ಹೆಂಗಸರು ಒಬ್ಬರ ಹೆಗಲ ಮೇಲೊಬ್ಬರು ಗದ್ದ ಇಟ್ಟು ನಿಂತಿದ್ದರು. ನಡುವೆ ಚೂಡಾ, ಬೇಸನ್ ಉಂಡಿಯ ತಾಟುಗಳು. ಅಂದಾನೆಪ್ಪ ಹುಡುಗಿಯ ಸೋದರಮಾವ, ಕಣಗಿನಕಟ್ಟಿ ಪಂಚಾಯ್ತಿಯ ಮೆಂಬರು. ಆತ ಮಾತಾಡಿದರೆ ಮೈಕು ಇಲ್ಲದಿದ್ದರೂ ಮೈಕು ಇದ್ದಂತೆಯೇ.

ಅದಕ್ಕೆ ಸ್ವಲ್ಪ ಮುಂಚೆ ಹುಡುಗಿ, ಕಸ್ತೂರಿ, ತನ್ನನ್ನು ನೋಡಲು ಬಂದಿದ್ದ ಫಕೀರೇಶನನ್ನು ಒಂದೇ ಒಂದು ಪ್ರಶ್ನೆ ಕೇಳಿದ್ದಳು. "ನಿಮಗ ಸಿಟ್ಟು ಬಂದ್ರ ಏನ ಮಾಡ್ತೀರಿ?"

ಒಳ್ಳೆಯ ಪ್ರಶ್ನೆ. ಸುಳ್ಳಾದರೂ ಒಂದು ಒಳ್ಳೆಯ ಉತ್ತರ ಹೇಳೋಣ ಎಂದು ಫಕೀರೇಶ ಬಾಯಿ ತೆರೆಯುವಷ್ಟರಲ್ಲಿ ಮಾವ ನಡುವೆ ಬಂದಿದ್ದ. ಮುಂದೆ ನಡೆದದ್ದನ್ನು ನೋಡಿದ ಮೇಲೆ ಉತ್ತರ ಹೇಳುವ ಅಗತ್ಯವೇ ಉಳಿಯಲಿಲ್ಲ. ಫಕೀರೇಶ ಎದ್ದ ರಭಸಕ್ಕೆ ತಾಟು ಕಾಲಿಗೆ ತಾಗಿ ಚೂಡಾ ಪಡಸಾಲೆಯ ತುಂಬ ಹಾರಿತು. "ನಿನ್ನ ಮೀಸಿ ನೋಡಿದ್ರ ಗ್ವಾಡಿಗೆ ಸುಣ್ಣಾ ಹಚ್ಚೋ ಕುಂಚ ಇದ್ದಂಗ ಐತಿ," ಎಂದ. ಯಾರೂ ನಗಲಿಲ್ಲ. ಮಾತು ಅಷ್ಟೇನೂ ಚೆನ್ನಾಗಿರಲಿಲ್ಲ ಎಂದು ಆಡಿದ ಕೂಡಲೇ ಅವನಿಗೂ ಗೊತ್ತಾಯಿತು.

ಸರಿಯಾದ ಮಾತು ಹೊಳೆದದ್ದು ಮನೆಯ ದಾರಿಯಲ್ಲಿ, ಊರ ಬಸ್‌ ಸ್ಟ್ಯಾಂಡಿನ ಹತ್ತಿರ. ಒಂದೇ ವಾಕ್ಯ, ಮಸೆದ ಕುಡುಗೋಲಿನಂಥದು. ಅದನ್ನು ಕೇಳಿದರೆ ಅಂದಾನೆಪ್ಪ ಮೀಸೆ ಬೋಳಿಸಿಕೊಂಡು ಊರು ಬಿಡಬೇಕು. "ಯವ್ವಾ, ಹೊಳ್ಳಿ ಹೋಗಿ ಒಂದು ಮಾತು ಹೇಳಿ ಬರ್ಲೇನು?" ಎಂದು ಕೇಳಿದ.

"ಆಕಿ ಕೇಳಿದ್ದಕ್ಕ ಉತ್ತರ ನೆಲದ ಮ್ಯಾಲ ಚೆಲ್ಲಿ ಬಂದೀದಿ," ಎಂದಳು ಅವನ ತಾಯಿ ದ್ಯಾಮವ್ವ. "ಇನ್ನೇನು ಹೇಳಾಂವ? ಮನಿಗೆ ನಡಿ."

ಆ ಮಾತನ್ನು ಫಕೀರೇಶ ಹಲ್ಲಿನ ಹಿಂದೆ ಇಟ್ಟುಕೊಂಡ. ಒಂದಲ್ಲ ಒಂದು ದಿನ ಅಂದಾನೆಪ್ಪ ಸಿಕ್ಕೇ ಸಿಗುತ್ತಾನೆ.

ಇದು ಈಗಿನದಲ್ಲ, ಇನ್ನೊಂದಷ್ಟು ವರ್ಷ ಮುಂದಿನ ಮಾತು. ಆ ಹೊತ್ತಿಗೆ ಎರೆಭೂತವೆಂಬ ಹಕ್ಕಿಯ ಸಂತಾನ ಮುಗಿಯಲು ಬಂದಿತ್ತು. ಸೊಂಟದೆತ್ತರದ ಹಕ್ಕಿ. ಉದ್ದ ಕತ್ತು, ತಲೆಯ ಮೇಲೆ ಕರಿ ಟೊಪ್ಪಿಗೆ, ಎರೆನೆಲದ ಬಯಲಲ್ಲಿ ಸಾಹುಕಾರನ ಹಾಗೆ ನಿಧಾನ ನಡಿಗೆ. ಇದರ ಗಂಡು ಎಲ್ಲೂ ಉಳಿದಿರಲಿಲ್ಲ. ಕಣಗಿನಕಟ್ಟಿಯ ಕಾವಲಿನಲ್ಲಿ, ಅಂದರೆ ಊರಾಚೆಯ ಹುಲ್ಲುಬಯಲಿನಲ್ಲಿ, ಒಂದು ಹೆಣ್ಣು ಮಾತ್ರ ಉಳಿದಿತ್ತು.

ಮರ ಇಲ್ಲದ ನೆಲವೆಲ್ಲ ಪಾಳು ಎಂದು ಯಾವುದೋ ಕಾಲದಲ್ಲಿ ಯಾವನೋ ಬರೆದುಬಿಟ್ಟಿದ್ದ. ಅವನ ಕೈಗೆ ಹುಳ ಬೀಳಲಿ. ಹುಲ್ಲು ಅವನ ಕಣ್ಣಿಗೆ ಕಾಣಲಿಲ್ಲ, ಹುಲ್ಲಿನೊಳಗಿನ ಮಿಡತೆ ಕಾಣಲಿಲ್ಲ, ಮಿಡತೆ ತಿನ್ನುವ ಹಕ್ಕಿ ಕಾಣಲಿಲ್ಲ, ಕುರಿ ಕಾಯುವವನಂತೂ ಕಾಣಲೇ ಇಲ್ಲ. ಪಾಳು ಎಂದ ಮೇಲೆ ಯಾರು ಏನು ಬೇಕಾದರೂ ಮಾಡಬಹುದಲ್ಲ. ಮೊದಲು ಜಾಲಿ ಹಚ್ಚಿದರು. ಆಮೇಲೆ ಗಾಳಿಯಂತ್ರ ನಿಲ್ಲಿಸಿ ತಂತಿ ಎಳೆದರು. ಹಕ್ಕಿಗಳು ತಂತಿಗೆ ಬಡಿದುಕೊಂಡು ಸತ್ತವು. ಕೊನೆಗೆ ಸರಕಾರಕ್ಕೆ ಎಚ್ಚರವಾಗಿ, ಹಕ್ಕಿ ಕೇಂದ್ರ ಎಂಬುದೊಂದು ಬಂದು ಜಾಲಿ ಕಿತ್ತು, ತಂತಿಯನ್ನು ನೆಲದೊಳಗೆ ಹೂತು, ಹುಲ್ಲಿನ ಬೀಜ ಬಿತ್ತಿತು. ಗಿಡ ಕಿತ್ತು ಹುಲ್ಲು ಬೆಳೆಸುವ ಸರಕಾರವನ್ನು ನೋಡಿ ಊರವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಹುಲ್ಲು ಬಂತು, ಮಿಡತೆ ಬಂತು. ಗಂಡೆಲ್ಲಿಂದ ಬರಬೇಕು? ಸತ್ತ ಕೊನೆಯ ಗಂಡಿನ ಬೀಜವನ್ನು ಕೇಂದ್ರದವರು ಹೆಪ್ಪುಗಟ್ಟಿಸಿ ಇಟ್ಟಿದ್ದರು. ಹೆಣ್ಣನ್ನು ಹಿಡಿದು ಸೂಜಿ ಚುಚ್ಚೋಣವೆಂದರೆ ಹಿಡಿದ ಗಾಬರಿಗೇ ಪ್ರಾಣ ಬಿಡುವ ಜಾತಿ ಅದು. ಅದಕ್ಕಾಗಿ ಒಂದು ಯಂತ್ರದ ಗಂಡು ಮಾಡಿ, ಬೀಜವನ್ನು ಅದರ ಹೊಟ್ಟೆಯಲ್ಲಿಟ್ಟು, ಕಾವಲಿನ ಪಡುವಣ ದಿಬ್ಬದ ಮೇಲೆ ನಿಲ್ಲಿಸಿದರು. ಮೈತುಂಬ ಪುಕ್ಕ, ಒಳಗೆ ತಗಡು. ಊರವರು ಹೆಣ್ಣು ಹಕ್ಕಿಯನ್ನು ಮಗಳು ಎನ್ನುತ್ತಿದ್ದರು. ಹೀಗಾಗಿ ಯಂತ್ರಕ್ಕೆ ಅಳಿಯ ಎಂದು ಹೆಸರು ಬಿತ್ತು. ಈ ಮುಂಗಾರಿನಲ್ಲಿ ಮರಿಯಾದರೆ ಕಾವಲು ಹಕ್ಕಿಗೆ, ಆಗದಿದ್ದರೆ ಸೋಲಾರ್ ಕಂಪನಿಗೆ ಎಂದು ಮೇಲಿನಿಂದ ಆದೇಶ ಬಂದಿತ್ತು.

ಫಕೀರೇಶನಿಗೆ ಅಲ್ಲಿ ನಾಯಿ ಓಡಿಸುವ ಕೆಲಸ. ಕಾವಲು ಅವನಿಗೆ ಹೊಸದಲ್ಲ. ಶಾಲೆಯಿಂದ ಓಡಿಬಂದು ಬಚ್ಚಿಟ್ಟುಕೊಂಡದ್ದು ಇದೇ ಹುಲ್ಲಿನಲ್ಲಿ. ಇಲ್ಲಿ ಗಾಜಿನ ಹಲಗೆ ಹಾಸುತ್ತಾರಂತೆ ಎಂದು ಯಾರಾದರೂ ಅಂದರೆ ಅವನು ಅಂದವನನ್ನೇ ಬೈಯುತ್ತಿದ್ದ.

ಕಂಟ್ರೋಲ್ ರೂಮು ಎಂದರೆ ಮಣ್ಣಿನ ಬಣ್ಣ ಬಳಿದ ಒಂದು ಕಬ್ಬಿಣದ ಡಬ್ಬಿ. ಏಸಿ ಇದ್ದದ್ದು ಕಂಪ್ಯೂಟರಿಗೆ, ಮನುಷ್ಯರಿಗೆ ಮಿಕ್ಕಿದ್ದಷ್ಟು. ಅದರ ಮುಖ್ಯಸ್ಥೆ ಡಾಕ್ಟರ್ ಸುಮನಾ. ಅವರ ಕೈಕೆಳಗೆ ಮೈಸೂರಿನ ಎಂಜಿನಿಯರ್ ಶ್ರೀವತ್ಸ.

ಶ್ರೀವತ್ಸ ಹಕ್ಕಿಯ ಹಳೆಯ ಫಿಲಮ್ಮುಗಳಿಂದ ಗಂಡಿನ ಕುಣಿತವನ್ನು ಕಂಪ್ಯೂಟರಿಗೆ ಕಲಿಸಿದ್ದ. ಅಳಿಯ ಕುಣಿದದ್ದನ್ನು ಮಗಳು ಒಂದು ದಿನ ನೋಡಿತು. ಮರುದಿನ ಇನ್ನಷ್ಟು ಹತ್ತಿರ ಬಂದು ನೋಡಿತು. ಮೂರನೆಯ ಸಲ ಬೆನ್ನು ತಿರುಗಿಸಿ, ಹಿಕ್ಕೆ ಹಾಕಿ, ಹೊರಟುಹೋಯಿತು.

"ಒಂದೇ ಕಡೆ, ಒಂದೇ ಥರ ಕತ್ತು ತಿರುಗಿಸೋ ಗಂಡನ್ನ ಯಾವ ಹೆಣ್ಣು ನಂಬುತ್ತೆ ಶ್ರೀವತ್ಸ?" ಎಂದರು ಸುಮನಾ. "ಒಳಗೆ ಜೀವ ಇರಬೇಕು."

ಜೀವಕ್ಕಾಗಿ ಒಂದು ಕವಚ ಬಂತು. ಮೈಗೆ ಅಂಟಿದಂತಿರುವ ಕರಿ ಅಂಗಿ. ಅದನ್ನು ತೊಟ್ಟವನು ನಡೆದರೆ ದಿಬ್ಬದ ಮೇಲೆ ಅಳಿಯ ನಡೆಯುತ್ತದೆ, ಬಾಗಿದರೆ ಬಾಗುತ್ತದೆ. ಆದರೆ ಗಂಡು ಎರೆಭೂತದ ಹೆಚ್ಚುಗಾರಿಕೆ ಕುಣಿತದಲ್ಲಿಲ್ಲ, ನಿಲ್ಲುವುದರಲ್ಲಿದೆ. ಅದು ಬಾಲವೆತ್ತಿ, ಗಂಟಲಿಗೆ ಗಾಳಿ ತುಂಬಿ, ಎದೆಯ ಮುಂದೆ ಬಿಳಿಯ ಚೀಲವನ್ನು ನೆಲದವರೆಗೆ ಇಳಿಬಿಟ್ಟು ಒಳಗೊಳಗೇ ಗುಡುಗುತ್ತದೆ. ಕವಚವು ತೊಟ್ಟವನ ಎದೆಬಡಿತ, ಗಂಟಲಿನ ಬಿಗಿ, ಹಿಡಿದಿಟ್ಟ ಉಸಿರು ಎಲ್ಲವನ್ನೂ ತೂಗಿ ಅಷ್ಟೇ ಗಾಳಿಯನ್ನು ಆ ಚೀಲಕ್ಕೆ ಊದುತ್ತಿತ್ತು. ಬೆಂಗಳೂರಿನಿಂದ ಕರೆಸಿದ ನೃತ್ಯಗಾರ ಬಹಳ ಚಂದ ಕುಣಿದ. ಚೀಲ ಮಾತ್ರ ಒಗೆದು ಹಾಕಿದ ಕಾಲುಚೀಲದ ಹಾಗೆ ಜೋತಾಡಿತು. ಎರೆಸೀಮೆಯ ಬಿಸಿಲಿಗೆ ಹೆದರಿ ಅವನೂ ಹೋದ.

ಕವಚ ಸುಮ್ಮನೆ ಬಿದ್ದಿತ್ತು. ಚೂಡಾ ಚೆಲ್ಲಿದ ಮರುದಿನ ಶ್ರೀವತ್ಸ ಅದನ್ನು ಫಕೀರೇಶನಿಗೆ ತೊಡಿಸಿದ.

"ಅಳತೆ ನೋಡೋಕೆ ಅಷ್ಟೆ, ಫಕೀರೇಶ್ ಅವರೇ. ಅಂದ ಹಾಗೆ ನಿನ್ನೆ ಹೆಣ್ಣು ನೋಡೋಕೆ ಹೋಗಿದ್ರಂತಲ್ಲ, ಒಪ್ಪಿಗೆ ಆಯ್ತಾ?"

ಪರದೆಯ ಮೇಲೆ ಅಳಿಯನ ಚೀಲ ಕೊಡದಂತೆ ಉಬ್ಬಿತು. ಬಾಲ ನೆಟ್ಟಗಾಯಿತು. ಹೂಂ... ಎಂದು ನೆಲದೊಳಗಿನಿಂದ ಬಂದಂಥ ಒಂದು ಸದ್ದು ಕಾವಲಿನ ಮೇಲೆ ಹಾಯ್ದುಹೋಯಿತು. ಎಲ್ಲೋ ದೂರ ಹುಲ್ಲಿನಲ್ಲಿ ಮಿಡತೆ ಹೆಕ್ಕುತ್ತಿದ್ದ ಮಗಳು ತಲೆಯೆತ್ತಿತು.

"ಅದೆಲ್ಲಾ ನಿಮಗ್ಯಾಕ ಬೇಕ್ರಿ?" ಎಂದ ಫಕೀರೇಶ. ಪುಸ್ಸೆಂದು ಚೀಲ ಇಳಿಯಿತು. ಮಗಳು ಮತ್ತೆ ಮಿಡತೆಗೆ ಬಾಯಿ ಹಾಕಿತು.

ಸುಮನಾ ಕುರ್ಚಿಯಿಂದ ಎದ್ದೇಬಿಟ್ಟರು. "ಶ್ರೀವತ್ಸ, ಇನ್ನೊಂದು ಸಲ ಕೇಳಿ. ಇನ್ನೂ ಕೆಟ್ಟದಾಗಿ ಕೇಳಿ. ಫಕೀರೇಶ, ನೀನು ಬಾಯಿ ಬಿಡಬೇಡ. ಸಿಟ್ಟು ಬರಲಿ, ಮಾತು ಬರಬಾರದು."

ಫಕೀರೇಶ ಹುಟ್ಟಿದಾಗಿನಿಂದ ಇವೆರಡನ್ನೂ ಬೇರೆ ಮಾಡಿ ಕಂಡವನಲ್ಲ.

ಹೀಗೆ, ಇಷ್ಟೆಲ್ಲ ಯಂತ್ರ ತಂದು ಸುರಿದ ಕೇಂದ್ರಕ್ಕೆ ಈಗ ಬೇಕಾದದ್ದು ಬೈಯುವವರು. ಶ್ರೀವತ್ಸ ಗಂಟಲು ಸರಿಮಾಡಿಕೊಂಡು ಶುರು ಮಾಡಿದ. "ನೀವು ಸ್ವಲ್ಪ ದಡ್ಡರು ಅಂತ ಕೆಲವರಿಗೆ ಅನ್ನಿಸಬಹುದು. ನನಗಲ್ಲ. ದಯವಿಟ್ಟು ಬೇಜಾರು ಮಾಡ್ಕೋಬೇಡಿ." ಚೀಲ ಅಲುಗಲಿಲ್ಲ. ಫಕೀರೇಶನಿಗೆ ಅವನ ಮೇಲೆ ಕನಿಕರವೇ ಬಂತು. ಸುಮನಾ, "ನಿನ್ನ ಹಾಜರಿ ಸರಿಯಿಲ್ಲ," ಎಂದು ನೋಡಿದರು. ಅದೂ ಹತ್ತಲಿಲ್ಲ. ಓದಿದವರ ಬೈಗುಳದಲ್ಲಿ ಉಪ್ಪು ಖಾರ ಇರುವುದಿಲ್ಲ.

ಅಷ್ಟರಲ್ಲಿ ದ್ಯಾಮವ್ವ ಬುತ್ತಿ ತಂದಳು. ಮಗನನ್ನು ಕರಿ ಕವಚದಲ್ಲಿ ನೋಡಿ ಬಾಗಿಲಲ್ಲೇ ನಿಂತಳು.

"ಇದೇನಲೇ, ಮಂಗ್ಯಾನ ಅಂಗಿ ತೊಟ್ಟು ನಿಂತೀದಿ? ಕನ್ಯಾ ನೋಡಾಕ ಹೋಗಿ ಚೂಡಾ ಒದ್ದು ಬಂದಾಂವ ಈಗ ಹಕ್ಕಿ ಮುಂದ ಮೆರಿಯಾಕ ಹೊಂಟಿ. ನಿನ್ನ ಸಾಲಿಗೆ ಹಾಕಿದ ದಿನ ಮಾಸ್ತರ ಅತ್ತ, ನೀ ಬಿಟ್ಟ ದಿನ ಪೇಡೆ ಹಂಚಿದ. ನಿಮ್ಮಪ್ಪಗ ಬಾಯಿ ಇತ್ತು ಕೈ ಇರಲಿಲ್ಲ, ನಿನಗ ಬರೇ ಕಾಲು ಅದಾವು, ಒದಿಯಾಕ."

ಚೀಲ ನೆಲ ಮುಟ್ಟಿತು. ಮೇಜಿನ ಮೇಲಿನ ಚಹದ ಕಪ್ಪು ನಡುಗುವಂತೆ ಅಳಿಯ ಗುಡುಗಿತು.

ಸುಮನಾ ಎರಡೂ ಕೈಯಿಂದ ದ್ಯಾಮವ್ವನ ಕೈ ಹಿಡಿದುಕೊಂಡರು. "ಅಮ್ಮಾ, ದಿನಾ ಬರ್ತೀರಾ? ಪಗಾರ ಕೊಡ್ತೀವಿ."

"ಬೈಯಾಕ ಪಗಾರ ಕೊಡ್ತಾರೇನ್ರಿ?" ದ್ಯಾಮವ್ವ ಮಗನ ಕಡೆ ತಿರುಗಿದಳು. "ನೋಡಲೇ, ಇಷ್ಟು ವರ್ಷ ಪುಕ್ಕಟೆ ಬೈದೀನಿ."

ಅಂದಿನಿಂದ ಬೆಳಗಾದರೆ ಆಕೆಗೆ ಒಂದು ಕುರ್ಚಿ, ಒಂದು ಕಪ್ಪು ಚಹ. ಆಕೆ ಬೈಯುವುದು, ಮಗ ಹಲ್ಲು ಕಚ್ಚಿ ನಿಲ್ಲುವುದು. ಮೊದಮೊದಲು ಅವನು ತಡೆಯಲಾರದೆ ಉತ್ತರ ಕೊಡುತ್ತಿದ್ದ. ಕೊಟ್ಟಾಗಲೆಲ್ಲ ಚೀಲ ಇಳಿದು ಮಗಳು ದೂರ ಹೋಗುತ್ತಿತ್ತು. ಬರಬರುತ್ತ ಮಾತು ಗಂಟಲಿನವರೆಗೆ ಬಂದು ಅಲ್ಲೇ ಕೂಡುವುದನ್ನು ಕಲಿಯಿತು. ಮಗಳು ಹತ್ತಿರ ಬಂತು. ದಿಬ್ಬದ ಸುತ್ತ ನಡೆಯಿತು. ಮತ್ತೆ ಹೋಯಿತು, ಮತ್ತೆ ಬಂತು.

ಒಂದು ದಿನ ಮೋಡ ಕವಿದ ಹೊತ್ತಿನಲ್ಲಿ ಅದು ಅಳಿಯನ ಎದುರಿಗೇ ಬಂದು ನಿಂತಿತು. ಆವತ್ತೇ ದ್ಯಾಮವ್ವನ ಬೈಗುಳದ ಬುಟ್ಟಿ ಬರಿದಾಗಿತ್ತು. ಅಪ್ಪನದಾಯಿತು, ಅಜ್ಜನದಾಯಿತು, ಶಾಲೆಯದಾಯಿತು. ಚೀಲ ಸಡಿಲಾಗತೊಡಗಿತು. ಮಗಳು ಒಂದು ಕಾಲು ಹಿಂದೆ ಇಟ್ಟಿತು.

ದ್ಯಾಮವ್ವ ದನಿ ತಗ್ಗಿಸಿದಳು. "ನೀ ಚೆಲ್ಲಿದ ಚೂಡಾ ಯಾರು ಆರಿಸಿದ್ರು ಗೊತ್ತೇನು? ಕಸ್ತೂರಿ. ಒಂದ ಮಾತು ಆಡಲಿಲ್ಲ. ಮುಸುಕು ಹಾಕ್ಕೊಂಡು, ಮಂದಿ ಕಾಲಾಗ ಕುಂತು, ಆರಿಸಿದ್ಲು."

ಫಕೀರೇಶನಿಗೆ ಸಿಟ್ಟು ಬಂತು. ಈ ಸಲ ಅದು ತನ್ನ ಮೇಲೆಯೇ, ಎಸೆಯಲು ಎದುರಿಗೆ ಯಾರೂ ಇರಲಿಲ್ಲ. ಉಸಿರು ಒಳಗೇ ನಿಂತಿತು. ಅಳಿಯನ ಚೀಲ ಹಿಂದೆಂದೂ ಆಗದಷ್ಟು ತುಂಬಿತು, ಕಾವಲಿಗೆ ಕಾವಲೇ ಹೂಂಗುಟ್ಟಿತು. ಮಗಳು ಮೆಲ್ಲಗೆ ಹುಲ್ಲಿನಲ್ಲಿ ಕುಳಿತಿತು.

ದ್ಯಾಮವ್ವ ಸೆರಗನ್ನು ಮುಖಕ್ಕೆ ಎಳೆದುಕೊಂಡಳು. "ಆ ಟೀವಿ ಆರಿಸ್ರಿ. ನಮ್ಮೂರ ಮಗಳ ಐತಿ ಅದು." ಶ್ರೀವತ್ಸ ಗಡಿಬಿಡಿಯಲ್ಲಿ ಪರದೆ ಆರಿಸಿ ಗೋಡೆಯ ಕಡೆ ತಿರುಗಿ ನಿಂತ. ಸುಮನಾ ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ.

ಕೆಲವು ದಿನಗಳ ಮೇಲೆ ಮೊಟ್ಟೆ ಕಂಡಿತು. ಗೂಡಿಲ್ಲ ಪಾಡಿಲ್ಲ. ಮೂಡಲ ಕಡೆ ಎರಡು ಮಣ್ಣಿನ ಹೆಂಟೆಗಳ ನಡುವೆ, ಬರಿಯ ನೆಲದ ಮೇಲೆ, ಒಂದೇ ಒಂದು. ಮಗಳು ಅದರ ಮೇಲೆ ಕುಳಿತರೆ ಕಲ್ಲೋ ಹಕ್ಕಿಯೋ ಗೊತ್ತಾಗುತ್ತಿರಲಿಲ್ಲ.

"ಯಾರಿಗೂ ಹೇಳೋ ಹಾಗಿಲ್ಲ," ಎಂದರು ಸುಮನಾ. "ಫಕೀರೇಶ, ನಿನ್ನ ತಾಯಿಗೂ. ಜನ ನೋಡೋಕೆ ಬರ್ತಾರೆ. ಅವಳು ಬೆದರಿ ಎದ್ದರೆ ಮೊಟ್ಟೆ ಬಿಸಿಲಿಗೆ ಬೆಂದುಹೋಗುತ್ತೆ, ಇಲ್ಲ ಕಾಗೆ ಪಾಲು. ಈ ವರ್ಷ ಇನ್ನೊಂದು ಇಡಲ್ಲ. ಮುಂದಿನ ವರ್ಷ ಇಲ್ಲಿ ಹುಲ್ಲೇ ಇರಲ್ಲ."

ಫಕೀರೇಶ ಮನೆಯಲ್ಲಿ ಬಾಯಿ ಹೊಲಿದುಕೊಂಡು ಕುಳಿತ. ದ್ಯಾಮವ್ವ ರೊಟ್ಟಿ ಬಡಿಯುತ್ತ ಮಗನನ್ನು ಓರೆಗಣ್ಣಲ್ಲಿ ನೋಡಿದಳು.

"ನಾಳಿಂದ ಬರಬ್ಯಾಡ್ರಿ ಅಂದ್ರು ನಿಮ್ಮ ಡಾಕ್ಟರ್ ಬಾಯಾರು. ಪಗಾರ ಮಾತ್ರ ಕೊಡ್ತಾರಂತ. ಯಾಕಲೇ?"

"ಸುಮ್ಮನ."

"ಪಲ್ಯಾಕ ಉಪ್ಪು ಹಾಕಿಲ್ಲ ಇವತ್ತ. ತಿಂದಿ, ಒಂದ ಮಾತು ಅನಲಿಲ್ಲ."

ಫಕೀರೇಶ ಇನ್ನೊಂದು ರೊಟ್ಟಿ ಮುರಿದ.

ದ್ಯಾಮವ್ವ ಹಂಚಿನ ಮೇಲಿನ ರೊಟ್ಟಿಯನ್ನು ಮರೆತಳು. ಗಂಡಿನ ಕೆಲಸ ಮುಗಿದಿದೆ ಎಂದರೆ ಹೆಣ್ಣಿನ ಕೆಲಸ ಶುರುವಾಗಿದೆ. ಇದಕ್ಕೆ ಡಾಕ್ಟರಕಿ ಓದಬೇಕಾಗಿಲ್ಲ. ಆಕೆ ಪಕ್ಕದ ಮನೆಗೆ ಹೋಗಿ, ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿ, ಮಗಳು ಬಸಿರು ಎಂದು ಹೇಳಿದಳು. ಬೆಳಗಾಗುವಷ್ಟರಲ್ಲಿ ಆಣೆ ಹಾಕಿದವರ ಸಂಖ್ಯೆ ಊರಿನಷ್ಟೇ ಆಗಿತ್ತು.

ಊರಿನ ಮಗಳು ಚೊಚ್ಚಲ ಬಸಿರಾದರೆ ಕುಬಸ ಮಾಡದೆ ಬಿಡುವುದುಂಟೇ? ಹಸಿರು ಕುಬಸ ತೊಡಿಸಿ, ಬಳೆ ಇಡಿಸಿ, ಉಡಿ ತುಂಬಿ, ಬಯಕೆಯ ಊಟ ಮಾಡಿಸಬೇಕು. ತವರು ನಾವೇ ಅಲ್ಲವೇ, ನಾವು ಮಾಡದಿದ್ದರೆ ಪಾಪ ಆ ತಗಡಿನ ಕಡೆಯವರು ಮಾಡುತ್ತಾರೆಯೇ ಎಂದು ಹೆಂಗಸರು ಕೇಳಿದರು. ಗಂಡಸರು ಹಲಿಗೆ ಬಾರಿಸುವವರನ್ನು ಕರೆಯಲು ಹೋದರು. ಮಾದಲಿ, ಕರಿಗಡಬು, ಎಳ್ಳಹೋಳಿಗೆ, ಸಜ್ಜೆ ರೊಟ್ಟಿ ತಯಾರಾದವು. ಮೊಟ್ಟೆ ಆಗಲೇ ಬಿದ್ದಿದೆ, ಕುಬಸದ ಹೊತ್ತು ಮೀರಿದೆ ಎಂಬುದು ಅವರಿಗೆ ತಿಳಿದಿರಲಿಲ್ಲ.

ಆ ದಿನ ಫಕೀರೇಶ ಅಂಗಿಯ ಒಳಗೆ ಕವಚ ತೊಟ್ಟು, ಕಿವಿಗೆ ಮಾತಿನ ಗುಂಡಿ ಸಿಕ್ಕಿಸಿಕೊಂಡು ಕಾವಲಿನಲ್ಲಿದ್ದ. ಅಳಿಯನ ಕೆಲಸ ಮುಗಿದದ್ದರಿಂದ ಅದನ್ನು ದಿಬ್ಬದಿಂದ ನಡೆಸಿ ಪಡುವಣದ ಶೆಡ್ಡಿಗೆ ಸೇರಿಸಬೇಕಾಗಿತ್ತು. ಅದಕ್ಕೂ ಮುಂಚೆ ಮಗಳ ಕಡೆ ಯಾವ ನಾಯಿಯೂ ಸುಳಿದಿಲ್ಲವೆಂದು ದೂರದಿಂದ ನೋಡಿ ಬರೋಣವೆಂದು ಮೂಡಲಿಗೆ ಬಂದು, ಆಗಷ್ಟೇ ಕವಚ ಚಾಲೂ ಮಾಡಿದ್ದ. ಅಷ್ಟರಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸರು, ಹಲಿಗೆಯವರು, ಎಲ್ಲರ ಮುಂದೆ ಮೋಟರ್ ಸೈಕಲ್ಲಿನ ಮೇಲೆ ಅಂದಾನೆಪ್ಪ. ಎಲ್ಲ ಬಿಟ್ಟು ಅದೇ ದಾರಿ ಹಿಡಿದು ಬಂದರು. ಅಂದಾನೆಪ್ಪ ಗಾಡಿ ನಿಲ್ಲಿಸಿ ಫಕೀರೇಶನಿಗೆ ಎದುರಾಗಿ ನಿಂತ. ಅವನ ಬೆನ್ನ ಹಿಂದೆ ಒಂದಷ್ಟು ಮಾರು ದೂರದಲ್ಲಿ ಆ ಎರಡು ಹೆಂಟೆ. ಹೆಂಟೆಗಳ ನಡುವಿನ ಕಲ್ಲು ಕತ್ತನ್ನು ನೆಲಕ್ಕೆ ಹಚ್ಚಿತು.

"ಫಕೀರೇಶ," ಕಿವಿಯಲ್ಲಿ ಸುಮನಾ ಪಿಸುಗುಟ್ಟಿದರು. "ಅವಳು ಎದ್ದರೆ ಮುಗೀತು. ಕೂಗಬೇಡ. ಆ ಕಡೆ ನೋಡಲೂ ಬೇಡ."

"ಏನೋ ಫೇಲು," ಎಂದ ಅಂದಾನೆಪ್ಪ, ಊರೆಲ್ಲ ಕೇಳುವಂತೆ. "ಮಗಳೆಲ್ಲಿ? ಉಡಿ ತುಂಬಬೇಕಂತ, ತೋರ್ಸು. ನಿಮ್ಮವ್ವ ನಿನ್ನ ಬೈತಾಳಂತ, ನೀ ಉಬ್ಬತೀಯಂತ, ಅದಕ್ಕ ಹಕ್ಕಿ ಬಸರಾತಂತ. ಅವ್ವನ ಕಡಿಂದ ಬೈಸಿಕೊಂಡು ಹಕ್ಕೀನ ಒಲಿಸಿದ ಗಂಡಸ ಈ ಸೀಮಿಯೊಳಗ ನೀ ಒಬ್ಬನ ನೋಡಪಾ."

ಹಲಿಗೆಯವನು ನಗುವನ್ನು ತಡೆಯಲಾರದೆ ಹಲಿಗೆಗೆ ಒಂದು ಏಟು ಹೊಡೆದ. ಜನ ನಕ್ಕರು. ದ್ಯಾಮವ್ವ ನಗಲಿಲ್ಲ, ತನ್ನ ಬುಟ್ಟಿ ಕೆಳಗಿಟ್ಟಳು. ಹೆಂಗಸರ ಹಿಂದೆ ಆರತಿ ತಾಟು ಹಿಡಿದು ಕಸ್ತೂರಿ ನಿಂತಿದ್ದಳು. ಆಕೆಯೂ ನಗಲಿಲ್ಲ, ನೋಡುತ್ತಿದ್ದಳು.

ಬಸ್‌ ಸ್ಟ್ಯಾಂಡಿನ ಮಾತು ಫಕೀರೇಶನ ನಾಲಿಗೆಯ ತುದಿಗೆ ಬಂದು ನಿಂತಿತು. ಇಷ್ಟು ದಿನ ತಿಕ್ಕಿ ತಿಕ್ಕಿ ಥಳಥಳ ಮಾಡಿದ ಮಾತು. ಇಂಥ ಸಂದರ್ಭ ಮತ್ತೆ ಸಿಗುವುದಿಲ್ಲ. ಮೀಸೆ ಎದುರಿಗಿದೆ, ಊರು ನೆರೆದಿದೆ, ಕಸ್ತೂರಿ ಕೇಳುತ್ತಾಳೆ.

"ಬರೇ ಸುಳ್ಳು ಇದು," ಅಂದಾನೆಪ್ಪ ಮುಂದುವರಿಸಿದ. "ಹಕ್ಕೀನೂ ಇಲ್ಲ, ಮೊಟ್ಟೀನೂ ಇಲ್ಲ ಅಂತ ನಾನ ಪಂಚಾಯ್ತಿಯೊಳಗ ಹೇಳಾಂವ. ಇಲ್ಲಂದ್ರ ತೋರ್ಸು. ಇಷ್ಟ ಮಂದಿ ಮುಂದ ಹೇಳತೀನಿ ಕೇಳು, ಮೊಟ್ಟಿ ತೋರಿಸಿದಿ ಅಂದ್ರ ನಮ್ಮ ಹುಡುಗಿ ನಿನಗ. ಬಾಯಿ ಬಿಡು. ಅದೊಂದು ದೊಡ್ಡದೈತಲ್ಲ ನಿನಗ."

ಒಂದು ಬೆರಳು ಎತ್ತಿದರೆ ಸಾಕಿತ್ತು.

ಫಕೀರೇಶನ ಗಂಟಲು ಬಿಗಿಯಿತು. ಉಸಿರು ಎದೆಯಲ್ಲಿ ಕಟ್ಟಿಕೊಂಡಿತು. ಅಷ್ಟರಲ್ಲಿ ದೂರ ಪಡುವಣ ದಿಬ್ಬದಿಂದ ಒಂದು ಗುಡುಗು ಎದ್ದಿತು. ಹೂಂ... ಎಂದು ಹುಲ್ಲನ್ನು ಸವರಿಕೊಂಡು ಬಂದು ಜನರ ಅಂಗಾಲಿಗೆ ತಾಗಿತು. ಎಲ್ಲರೂ ಅತ್ತ ತಿರುಗಿದರು.

"ಅಲ್ಲೈತಿ," ಎಂದಳು ಒಬ್ಬ ಮುದುಕಿ. "ಮಗಳು ಅಲ್ಲೈತಿ. ಪಾಪ, ಬ್ಯಾನಿ ತಿನ್ನಾಕತ್ತೈತಿ."

ಫಕೀರೇಶ ಪಡುವಣಕ್ಕೆ ಮುಖ ಮಾಡಿ ನಡೆಯತೊಡಗಿದ. ದೂರದ ದಿಬ್ಬದ ಮೇಲೆ, ಎದೆಯ ಮುಂದೆ ಚೀಲ ಇಳಿಬಿಟ್ಟುಕೊಂಡು, ಬಾಲವೆತ್ತಿಕೊಂಡು, ಅವನ ಹೆಜ್ಜೆಗೆ ಹೆಜ್ಜೆ ಹಾಕುತ್ತ ಅಳಿಯನೂ ನಡೆಯತೊಡಗಿತು.

"ಏ, ಎಲ್ಲಿಗೆ ಹೊಂಟಿ?" ಅಂದಾನೆಪ್ಪ ಮೋಟರ್ ಸೈಕಲ್ಲನ್ನೂ ಮರೆತು ಬೆನ್ನು ಹತ್ತಿದ. "ಉತ್ತರ ಕೊಡಾಕ ಬರೂದಿಲ್ಲೇನು? ನಾಲಿಗಿ ಬಿದ್ದೈತೇನು?"

ಅವನ ಒಂದೊಂದು ಮಾತಿಗೂ ದಿಬ್ಬ ಇನ್ನಷ್ಟು ಜೋರಾಗಿ ಗುಡುಗಿತು. ಗುಡುಗಿದಷ್ಟೂ ಹೆಂಗಸರು ಸೀರೆ ಎತ್ತಿ ಕಟ್ಟಿ, ಬುಟ್ಟಿ ಸಾವರಿಸಿಕೊಂಡು, ಕುಬಸದ ಹಾಡು ಹೇಳುತ್ತ ಅತ್ತಲೇ ಓಡಿದರು. ಹಲಿಗೆಯವರು ಅವರ ಹಿಂದೆ. ಮೂಡಲ ಕಾವಲಿನಲ್ಲಿ ಒಂದು ಮೋಟರ್ ಸೈಕಲ್ಲು, ಆರತಿ ತಾಟು ಹಿಡಿದ ಕಸ್ತೂರಿ, ಎರಡು ಹೆಂಟೆಗಳ ನಡುವೆ ಒಂದು ಕಲ್ಲು ಉಳಿದವು. ಕಸ್ತೂರಿ ಬಹಳ ಹೊತ್ತು ಆ ಕಲ್ಲಿನ ಕಡೆ ನೋಡಿದಳು. ಕಲ್ಲು ಕಣ್ಣು ಮಿಟುಕಿಸಿತು. ಆಕೆ ತಾಟಿನ ದೀಪವನ್ನು ಊದಿ ಆರಿಸಿ, ಸದ್ದಾಗದಂತೆ ಹಿಂದೆ ಸರಿದಳು.

"ನಿನ್ನನ್ನ ಕೇಳಾಕತ್ತೀನಿ," ಎಂದು ಅಂದಾನೆಪ್ಪ ಏದುಸಿರು ಬಿಡುತ್ತ ಮತ್ತೆ ಕೂಗಿದ.

ಕೆನ್ನೆ ಉಬ್ಬಿಸಿಕೊಂಡು, ಎದೆಯೆತ್ತಿಕೊಂಡು, ತಿರುಗಿ ನೋಡದೆ, ಫಕೀರೇಶ ನಡೆಯುತ್ತಲೇ ಇದ್ದ.